ಏಳನೇ ನಂಬರಿನ ಅಭ್ಯರ್ಥಿ

"ಏಳನೇ ನಂಬರು ಯಾರು ಅಂತ ಗೊತ್ತಾ, ಗಂಗಾ ಅವ್ರೇ?"

ಗುರುಪ್ರಸಾದ್ ಹೀಗೆ ಕೇಳಿದಾಗ ನಾನು ಶಿಕಾಗೋ ಪಕ್ಕದ ನೇಪರ್‌ವಿಲ್‌ನ ಹೋಟೆಲೊಂದರಲ್ಲಿ, ವಾಫಲ್ ಮೆಷಿನ್ನಿನ ಮುಂದೆ ಹಿಟ್ಟಿನ ಕಪ್ಪು ಹಿಡಿದು ನಿಂತಿದ್ದೆ. ಭಾನುವಾರ, ಬೆಳಗ್ಗೆ ಏಳೂವರೆ. ನನ್ನ ಹಿಂದೆ ಹಸಿರು ಜೆರ್ಸಿ ತೊಟ್ಟ ಹುಡುಗಿಯರ ಸಾಲು. ಹತ್ತು ಗಂಟೆಗೆ ಅವರ ಸೆಮಿಫೈನಲ್.

"ಗೊತ್ತಾಗಬಾರದು ಅಂತಾನೇ ಅಲ್ವಾ ನಂಬರ್ ಕೊಟ್ಟಿದ್ದು?" ಅಂದೆ.

"ರಿಜೆಕ್ಷನ್ ಮೇಲ್ ನಾಳೆ ಹೋಗ್ಬೇಕಲ್ಲ. ಅದಕ್ಕೆ ಈಗ ಲಿಸ್ಟ್ ಓಪನ್ ಮಾಡ್ದೆ." ಅವರು ದನಿ ತಗ್ಗಿಸಿದರು. "ಏಳನೇ ನಂಬರು ನಮ್ಮ ಕೋಚು. ಎತಿಯೆನ್."

ಕೋಣೆಯ ಆಚೆ ತುದಿಯಲ್ಲಿ ಎತಿಯೆನ್ ಬಾಳೆಹಣ್ಣು ಮುರಿದು ಹಂಚುತ್ತಿದ್ದ. ಹುಡುಗಿಗೆ ಅರ್ಧರ್ಧ. ಸಿರಪ್ ಸುರಿದ ತಟ್ಟೆ ಹಿಡಿದು ಬಂದ ಒಬ್ಬಳನ್ನು ಕಣ್ಣಲ್ಲೇ ವಾಪಸ್ ಕಳಿಸಿದ.

ನನ್ನ ಕಪ್ಪಿನ ಹಿಟ್ಟು ಮೆಷಿನ್ನಿನ ಅಂಚು ದಾಟಿ ಕೌಂಟರಿನ ಮೇಲೆ ಹರಿಯುತ್ತಿತ್ತು.

ಅವನನ್ನು ಫೇಲ್ ಮಾಡಿದವಳು ನಾನು.

ಹೇಗೆ ಅಂತ ಹೇಳುತ್ತೇನೆ. ಮಿಶಿಗನ್ನಿನ ಕ್ಯಾಂಟನ್ ಊರಿನ ನಮ್ಮ ಸಾಕರ್ ಕ್ಲಬ್ಬು ಅಪ್ಪ ಅಮ್ಮಂದಿರೇ ಸೇರಿ ನಡೆಸುವ ಕ್ಲಬ್ಬು. (ಫುಟ್‌ಬಾಲ್ ಅಂದರೆ ಇಲ್ಲಿ ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಬೇರೆಯೇ ಆಟ. ಇಷ್ಟು ವರ್ಷವಾದರೂ ನನ್ನ ನಾಲಿಗೆಗೆ ಸಾಕರ್ ಅನ್ನುವ ಹೆಸರು ಒಗ್ಗಿಲ್ಲ.) ನನ್ನ ಮಗಳು ಸಿರಿ, ಹದಿನೈದು ವರ್ಷ, ಅಲ್ಲಿ ಫಾರ್ವರ್ಡ್. ಅಂದರೆ ಗೋಲು ಹೊಡೆಯಬೇಕಾದವಳು. ಕ್ಲಬ್ಬಿಗೆ ಏಳು ಜನರ ಕಮಿಟಿ. ಗುರುಪ್ರಸಾದ್ ಅಧ್ಯಕ್ಷರು, ಮೈಸೂರಿನವರು, ಸೌತ್‌ಫೀಲ್ಡ್‌ನಲ್ಲಿ ಐಟಿ ಕೆಲಸ. ನಾನು ಕಾರ್ಯದರ್ಶಿ. ಎಲ್ಲರೂ ಐಟಿ ಇಲ್ಲವೇ ಆಟೋ ಕಂಪನಿಗಳವರು, ಹೆಚ್ಚಿನವರು ನಮ್ಮ ಕಡೆಯವರು. ಅಂಥವರ ಕೈಗೆ ಒಂದು ಕ್ಲಬ್ಬು ಸಿಕ್ಕರೆ ಏನಾಗಬೇಕೋ ಅದೇ ಆಗಿದೆ. ನೀರಿನ ಬಾಟಲಿ ಯಾರು ತರಬೇಕು ಅನ್ನುವುದಕ್ಕೂ ನಮ್ಮಲ್ಲಿ ಸ್ಪ್ರೆಡ್‌ಶೀಟ್ ಇದೆ.

ಈ ವರ್ಷ ಎಲ್ಲ ತಂಡಗಳಿಗೂ ಸೇರಿ ಒಬ್ಬ ಪೂರ್ಣಾವಧಿ ಮ್ಯಾನೇಜರ್ ಬೇಕು ಅಂತಾಯಿತು. (ಈ ಆಟದಲ್ಲಿ ಮ್ಯಾನೇಜರ್ ಅಂದರೆ ಮೀಟಿಂಗ್ ಕರೆಯುವ ಆಸಾಮಿಯಲ್ಲ. ಯಾರು ಆಡಬೇಕು, ಹೇಗೆ ಆಡಬೇಕು, ಯಾರು ಬೆಂಚಿನ ಮೇಲೆ ಕೂರಬೇಕು ಅಂತ ತೀರ್ಮಾನ ಮಾಡುವವನು.) ಹನ್ನೊಂದು ಅರ್ಜಿ ಬಂದವು. ಆರಿಸುವುದು ಹೇಗೆ?

ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ನಮ್ಮ ಪರೀಕ್ಷೆಗಳ ಪದ್ಧತಿ. ಅರ್ಜಿಯ ಮೇಲೆ ಹೆಸರು ಬೇಡ, ನಂಬರ್ ಸಾಕು. ಊರು, ದೇಶ, ಆಡಿದ ಕ್ಲಬ್ಬು ಯಾವುದೂ ಕಾಣಬಾರದು. ಯಾವ ನಂಬರು ಯಾರದು ಅನ್ನುವ ಪಟ್ಟಿ ಅಧ್ಯಕ್ಷರ ಬಳಿ ಮಾತ್ರ. ಡಿಗ್ರಿಗೆ ನಲವತ್ತು ಮಾರ್ಕ್ಸ್, ಕೋಚಿಂಗ್ ಲೈಸೆನ್ಸಿಗೆ ಇಪ್ಪತ್ತು, ಅನುಭವಕ್ಕೆ ಇಪ್ಪತ್ತು, 'ನನ್ನ ಬಗ್ಗೆ' ಅಂತ ಬರೆಯುವ ಎರಡು ಪುಟಕ್ಕೆ ಇಪ್ಪತ್ತು. ಅರವತ್ತು ಬಂದವರಿಗೆ ಇಂಟರ್‌ವ್ಯೂ. ಉಳಿದವರಿಗೆ ಮೇಲ್.

ನಗಬೇಡಿ. ಹೆಸರು ಕೇಳಿದ ಕೂಡಲೇ ಮನೆತನ ಅಳೆಯುವ ಓಣಿಯಿಂದ ಬಂದವಳು ನಾನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಸರ್ಕಾರಿ ಹಾಸ್ಟೆಲಿನಲ್ಲಿದ್ದು, ಸಂಜೆ ಮಕ್ಕಳಿಗೆ ಪಾಠ ಹೇಳಿ, ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದೆ. ಉತ್ತರಪತ್ರಿಕೆಯ ಮೇಲೆ ನನ್ನ ಹೆಸರಿರಲಿಲ್ಲ, ನಂಬರಿತ್ತು. ಅದಕ್ಕೇ ನಾನು ಪಾಸಾದೆ ಅಂತ ಇವತ್ತಿಗೂ ನಂಬಿದ್ದೇನೆ.

"ಡಿಗ್ರಿಗೆ ನಲವತ್ತು ಜಾಸ್ತಿ ಆಗ್ಲಿಲ್ವಾ?" ಅಂತ ಕಮಿಟಿಯಲ್ಲಿ ಒಬ್ಬರು ಅಂದಿದ್ದರು.

"ಓದಿಲ್ಲದೇ ಇರೋರ ಕೈಗೆ ಮಕ್ಕಳನ್ನ ಒಪ್ಪಿಸ್ತೀರಾ?" ಅಂದೆ.

ನಲವತ್ತು ಹಾಗೇ ಉಳಿಯಿತು. ನಮ್ಮವರ ಮುಂದೆ ಓದಿನ ಮಾತೆತ್ತಿದರೆ ಯಾರು ತಾನೆ ಎದುರಾಡುತ್ತಾರೆ?

ನಾಲ್ಕು ವರ್ಷದಿಂದ ನಮ್ಮ ಹುಡುಗಿಯರಿಗೆ ಆಟ ಕಲಿಸುತ್ತಿರುವವನು ಎತಿಯೆನ್. ನಲವತ್ತೊಂದು ವರ್ಷ. ಫ್ರಾನ್ಸಿನಲ್ಲಿ ಎಲ್ಲೋ ಆಡುತ್ತಿದ್ದನಂತೆ ಅನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಅವನ ಕಾಂಟ್ರಾಕ್ಟು ಜೂನ್ ಕೊನೆಗೆ ಮುಗಿಯುತ್ತದೆ. ಅವನ ವೀಸಾ ನಿಂತಿರುವುದು ಆ ಕೆಲಸದ ಮೇಲೆ. ಮ್ಯಾನೇಜರ್ ಕೆಲಸ ಸಿಕ್ಕರೆ ಉಳಿಯುತ್ತಾನೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಕೆಲಸ ಹೋದ ಅರವತ್ತು ದಿನದೊಳಗೆ ಇನ್ನೊಂದು ಹಿಡಿಯದಿದ್ದರೆ ದೇಶ ಬಿಡಬೇಕು ಅನ್ನುವ ಲೆಕ್ಕವನ್ನು ಕ್ಯಾಂಟನ್, ನೋವೈ ಕಡೆಯ ನಮ್ಮ ಜನಕ್ಕೆ ಯಾರಾದರೂ ಬಿಡಿಸಿ ಹೇಳಬೇಕೇ?

(ನನ್ನ ಮಗಳ ಮೇಷ್ಟ್ರನ್ನು 'ಅವನು' ಅನ್ನುತ್ತಿದ್ದೇನೆ, ಗಮನಿಸಿದಿರಾ? ಅವಳ ಗಣಿತದ ಟೀಚರನ್ನು ಒಂದು ದಿನವೂ ಹಾಗೆ ಅಂದದ್ದಿಲ್ಲ. ಡಿಗ್ರಿ ಇದ್ದಿದ್ದರೆ ಇವರನ್ನೂ 'ಅವರು' ಅನ್ನುತ್ತಿದ್ದೆ. ಇನ್ನು ಮೇಲಾದರೂ ಅನ್ನುತ್ತೇನೆ.)

ಮತ್ತೆ ವಾಫಲ್ ಮೆಷಿನ್ನಿಗೆ ಬರೋಣ. ಗುರುಪ್ರಸಾದ್ ನ್ಯಾಪ್‌ಕಿನ್ನಿನಿಂದ ಕೌಂಟರ್ ಒರೆಸುತ್ತಾ ಲೆಕ್ಕ ಹೇಳಿದರು. ಡಿಗ್ರಿಗೆ ಸೊನ್ನೆ. ಲೈಸೆನ್ಸಿಗೆ ಇಪ್ಪತ್ತಕ್ಕೆ ಇಪ್ಪತ್ತು. ಅನುಭವಕ್ಕೆ ಇಪ್ಪತ್ತಕ್ಕೆ ಇಪ್ಪತ್ತು. ಬರವಣಿಗೆಗೆ ಹದಿನೈದು. ಒಟ್ಟು ಐವತ್ತೈದು.

"ಬರವಣಿಗೆ ವ್ಯಾಲ್ಯುಯೇಶನ್ ಮಾಡಿದ್ದು ನೀವೊಬ್ರೇ," ಅಂದರು. "ಗ್ರಾಮರ್ ಸರಿ ಇಲ್ಲ ಅಂತ ಐದು ಕಟ್ ಮಾಡಿದೀರ. ಇನ್ನೊಂದ್ಸಲ ಓದಿ ನೋಡಿ. ಶೀಟ್ ಇವತ್ತು ಸಂಜೆವರೆಗೂ ಲಾಕ್ ಮಾಡಲ್ಲ ನಾನು."

"ಅಂದ್ರೆ?"

"ಅಂದ್ರೆ ಏನಿಲ್ಲ. ರೀವ್ಯಾಲ್ಯುಯೇಶನ್ ಅಂತ ಇರತ್ತಲ್ಲ ನಮ್ಮ ಕಡೆ." ಅವರು ವಾಫಲ್ ತೆಗೆದು ನನ್ನ ತಟ್ಟೆಗೆ ಹಾಕಿ ಹೊರಟುಹೋದರು.

ನಾನು ಜೀವನದಲ್ಲಿ ಒಂದೇ ಒಂದು ಗ್ರೇಸ್ ಮಾರ್ಕ್ಸ್ ತೆಗೆದುಕೊಂಡವಳಲ್ಲ. ಕೊಟ್ಟವಳೂ ಅಲ್ಲ.

ಆದರೂ ರೂಮಿಗೆ ಹೋಗಿ ಲ್ಯಾಪ್‌ಟಾಪ್ ತೆಗೆದೆ. ಬೇಸಿಗೆಗೆಂದು ಹುಬ್ಬಳ್ಳಿಯಿಂದ ಬಂದಿರುವ ನನ್ನ ಅಪ್ಪ ಸೋಫಾದ ಮೇಲೆ ಕೂತು ಫೋನಿನಲ್ಲಿ ಊರಿನ ಸುದ್ದಿ ಕೇಳುತ್ತಿದ್ದರು. ಏಳನೇ ನಂಬರಿನ ಆ ಎರಡು ಪುಟ ಮತ್ತೆ ಓದಿದೆ. ಮೊದಲ ಸಲ ಓದಿದಾಗ ಯಾರೋ ದಕ್ಷಿಣ ಅಮೆರಿಕದವರಿರಬೇಕು ಅಂದುಕೊಂಡಿದ್ದೆ. ಇಂಗ್ಲಿಷು ಅಷ್ಟಕ್ಕಷ್ಟೆ. ಹಳೆಯ ಕತೆಯನ್ನೆಲ್ಲ ಈಗ ನಡೆಯುತ್ತಿರುವ ಹಾಗೆ ಬರೆದಿದ್ದರು. ನಾನು ಕೆಂಪು ಗೆರೆ ಎಳೆದಿದ್ದೂ ಅದಕ್ಕೇ.

"ನನಗೆ ಹದಿನೈದು ವರ್ಷ. ಶಾಲೆ ಬಿಡುತ್ತೇನೆ. ಕ್ಲಬ್ಬಿನ ಅಕಾಡೆಮಿ ನನ್ನನ್ನು ತೆಗೆದುಕೊಳ್ಳುತ್ತದೆ. ನನ್ನ ತಾಯಿ ಒಂದು ವಾರ ಮಾತಾಡುವುದಿಲ್ಲ," ಅಂತ ಶುರು.

ಹತ್ತೊಂಬತ್ತಕ್ಕೆ ಎರಡನೇ ಡಿವಿಷನ್ನಿನಲ್ಲಿ ಫಾರ್ವರ್ಡ್. ಹನ್ನೆರಡು ಸೀಸನ್, ನಾಲ್ಕು ಕ್ಲಬ್ಬು. ದೇಶದ ಅತಿ ದೊಡ್ಡ ಲೀಗಿನಲ್ಲಿ ಆಡಿದ್ದು ಒಂದೇ ಒಂದು ಸಲ, ಅದೂ ಬದಲಿ ಆಟಗಾರನಾಗಿ. "ಹದಿನೇಳು ನಿಮಿಷ ಉಳಿದಿದೆ. ನನ್ನನ್ನು ಇಳಿಸುತ್ತಾರೆ. ಒಂದು ಶಾಟ್ ಹೊಡೆಯುತ್ತೇನೆ. ಕಂಬಕ್ಕೆ ತಾಗಿ ವಾಪಸ್ ಬರುತ್ತದೆ. ಮುಂದಿನ ವಾರ ನನ್ನ ಹೆಸರು ಇಲ್ಲ. ಅದರ ಮುಂದಿನ ವಾರವೂ ಇಲ್ಲ." ಮೂವತ್ತೊಂದಕ್ಕೆ ಮಂಡಿ ಹೋಯಿತು. ಆಟ ಮುಗಿಯಿತು.

ಆಮೇಲೆ ಕ್ಲಬ್ಬಿನ ಸಣ್ಣ ಹುಡುಗರಿಗೆ ಪಾಠ. ಆ ಹುಡುಗರ ಜೆರ್ಸಿಗಳನ್ನು ಒಗೆಯುವ ಕೆಲಸವೂ ಇವರದೇ. ಜೊತೆಗೆ ಒಂದೊಂದೇ ಲೈಸೆನ್ಸ್ ಪರೀಕ್ಷೆ. ಮೂವತ್ತನಾಲ್ಕಕ್ಕೆ ಒಂದು ಸಣ್ಣ ಊರಿನ ತಂಡಕ್ಕೆ ಮ್ಯಾನೇಜರ್. ಗೋಲ್‌ಕೀಪರ್ ಹಗಲು ಹೊತ್ತು ನಲ್ಲಿ ರಿಪೇರಿ ಮಾಡುತ್ತಿದ್ದನಂತೆ. ಕೆಳಗಿನ ಡಿವಿಷನ್ನಿಗೆ ಬೀಳಬೇಕಿದ್ದ ಆ ತಂಡವನ್ನು ಕೊನೆಯ ಪಂದ್ಯದಲ್ಲಿ ಉಳಿಸಿದರು. ಊರಿನವರು ಹೆಗಲ ಮೇಲೆ ಹೊತ್ತು ಮೆರೆಸಿದರು. ಮುಂದಿನ ಸೀಸನ್ನು ಹನ್ನೊಂದು ಪಂದ್ಯ ಆಗುವಷ್ಟರಲ್ಲಿ ಕೆಲಸದಿಂದ ತೆಗೆದರು.

"ಬ್ರೆಡ್ ತರಲು ಹೋಗುತ್ತೇನೆ. ಅಂಗಡಿಯವಳು ಪೇಪರ್ ತೋರಿಸುತ್ತಾಳೆ. ಅದರಲ್ಲಿ ನನ್ನನ್ನು ತೆಗೆದ ಸುದ್ದಿ ಇದೆ. ಕ್ಲಬ್ಬಿನವರು ಯಾರೂ ಫೋನ್ ಮಾಡಿಲ್ಲ. ಅವತ್ತು ಒಂದು ನಿಯಮ ಮಾಡಿಕೊಳ್ಳುತ್ತೇನೆ. ನಾನು ತಂಡದಿಂದ ಬಿಡುವ ಆಟಗಾರ ಆ ಸುದ್ದಿಯನ್ನು ಕಾಗದದಲ್ಲಿ ಓದಬಾರದು. ಪಟ್ಟಿ ಹಾಕುವ ಮೊದಲು ನಾನೇ ಹೋಗಿ, ಮುಖ ನೋಡಿ, ಕಾರಣ ಹೇಳುತ್ತೇನೆ. ಇದುವರೆಗೆ ತಪ್ಪಿಲ್ಲ."

ಈ ಸಾಲಿನ ಪಕ್ಕದಲ್ಲಿ ನಾನು ಬರೆದಿದ್ದ ಟಿಪ್ಪಣಿ ಏನು ಗೊತ್ತೇ? 'ಕಾಲ ತಪ್ಪು.'

ಹದಿನೈದನ್ನು ಅಳಿಸಿದೆ. ಇಪ್ಪತ್ತು ಅಂತ ಟೈಪ್ ಮಾಡಿದೆ. ಸೇವ್ ಒತ್ತುವುದಷ್ಟೇ ಬಾಕಿ. ಆಗ ಬಾಗಿಲು ತೆರೆಯಿತು.

ಸಿರಿ. ಕಣ್ಣು ಕೆಂಪಗಾಗಿತ್ತು. ಬ್ಯಾಗು ನೆಲಕ್ಕೆ ಎಸೆದಳು.

"ಐ ಆಮ್ ನಾಟ್ ಸ್ಟಾರ್ಟಿಂಗ್," ಅಂದಳು.

"ಅಂದ್ರೆ?"

"ಬೆಂಚ್, ಅಮ್ಮ. ಸೆಮಿಫೈನಲ್. ಬೆಂಚ್."

"ಯಾರು ಹೇಳಿದ್ದು?"

"ಕೋಚ್. ಹಿ ಟೋಲ್ಡ್ ಮಿ ಹಿಮ್‌ಸೆಲ್ಫ್. ಐಸ್ ಮೆಷಿನ್ ಹತ್ರ ಕರ್ದು ಹೇಳಿದ್ರು." ಅಷ್ಟು ಹೇಳಿ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಬಿಟ್ಟ ಸದ್ದು. ಅದರ ಹಿಂದೆ ಅಳುವ ಸದ್ದು.

ಸುಳ್ಳು ಹೇಳಿ ಒಳ್ಳೆಯವಳಾಗುವ ಅಭ್ಯಾಸ ನನಗಿಲ್ಲ. ಆ ಕ್ಷಣದಲ್ಲಿ ನನಗೆ ಅನಿಸಿದ್ದು ಇಷ್ಟೇ: ನಾಲ್ಕು ವರ್ಷ ಮಳೆ ಚಳಿ ಅನ್ನದೆ ಡ್ರೈವ್ ಮಾಡಿಕೊಂಡು ಓಡಾಡಿದ್ದೇನೆ, ಮುನ್ನೂರು ಮೈಲಿ ದೂರ ಬಂದು ಹೋಟೆಲ್ ಮಾಡಿದ್ದೇನೆ, ನನ್ನ ಮಗಳನ್ನು ಬೆಂಚಿನ ಮೇಲೆ ಕೂರಿಸುವ ಧೈರ್ಯವಾ? ನೋಡೋಣ.

ಲ್ಯಾಪ್‌ಟಾಪ್ ಮುಚ್ಚಿದೆ. ಸೇವ್ ಒತ್ತಲಿಲ್ಲ.

ನಿಯಮಕ್ಕೆ ತಲೆಬಾಗಿ ಒತ್ತಲಿಲ್ಲವೋ, ಮಗಳ ಕಣ್ಣೀರಿನ ಸಿಟ್ಟಿಗೆ ಒತ್ತಲಿಲ್ಲವೋ? ಈ ಪ್ರಶ್ನೆಯನ್ನು ಆ ವಾರದುದ್ದಕ್ಕೂ ನನಗೆ ನಾನೇ ಕೇಳಿಕೊಂಡಿದ್ದೇನೆ.

ಮೈದಾನಕ್ಕೆ ಹೋಗುವಾಗ ಸಿರಿ ಟೀಮಿನ ವ್ಯಾನಿನಲ್ಲಿ ಹೋದಳು. ಕಾರಿನಲ್ಲಿ ನಾನು, ಅಪ್ಪ. ನನ್ನ ಮುಖ ನೋಡಿ ಅಪ್ಪನಿಗೆ ಗೊತ್ತಾಯಿತು.

"ಏನಾತವಾ? ಹುಡುಗಿ ಅಳಾಕತ್ತಿತ್ತು, ನೀ ನೋಡಿದ್ರ ಹಿಂಗ."

ಎಲ್ಲ ಹೇಳಿದೆ. ಅರ್ಜಿ, ನಂಬರು, ಸೊನ್ನೆ, ಐದು ಮಾರ್ಕ್ಸು. ಅಪ್ಪ ಹುಬ್ಬಳ್ಳಿಯ ವರ್ಕ್‌ಶಾಪ್ ಒಂದರಲ್ಲಿ ಮೂವತ್ತೊಂದು ವರ್ಷ ಲೇಥ್ ಮುಂದೆ ನಿಂತು ಕೆಲಸ ಮಾಡಿದವರು. ಐಟಿಐ ಮಾಡಿ ಬಂದ ಹುಡುಗರಿಗೆ ಟೂಲ್ ಹಿಡಿಯುವುದನ್ನು ಕಲಿಸುತ್ತಿದ್ದವರು ಅವರು. ಎರಡು ವರ್ಷ ಕಳೆದರೆ ಆ ಹುಡುಗರೇ ಅವರಿಗೆ ಸೂಪರ್‌ವೈಸರ್. ಮೂರು ಸಲ ಹಾಗಾಯಿತು. ಅಪ್ಪನ ಹತ್ತಿರ ಸರ್ಟಿಫಿಕೇಟ್ ಇರಲಿಲ್ಲ. ಅದಕ್ಕೇ ನನ್ನನ್ನು ಓದಿಸಿದ್ದು.

ಹಾಗಾಗಿ ನನಗೊಂದು ನಿರೀಕ್ಷೆ ಇತ್ತು. ಅಪ್ಪ ಕೋಚ್ ಪರ ನಿಲ್ಲುತ್ತಾರೆ, ನನ್ನನ್ನು ಬೈಯುತ್ತಾರೆ, ನನ್ನ ಸಿಟ್ಟು ಇಳಿಯುತ್ತದೆ ಅಂತ.

"ಅಂವ ಕೆಲಸಗಾರ ಅದಾನ," ಅಂದರು ಅಪ್ಪ. "ನಾ ಬಂದಾಗಿಂದ ನೋಡಾಕತ್ತೀನಿ. ಒಂದ್ ಹುಡುಗಿ ಕಾಲು ತಪ್ಪಿಟ್ರ, ಬಾಯಿಲೆ ಹೇಳಂಗಿಲ್ಲ. ತಾ ಬಗ್ಗಿ, ಆಕಿ ಬೂಟು ಹಿಡಿದು ತಿರುಗಿಸಿ ಇಡತಾನ. ಹಂಗ ಕಲಸೋರು ಭಾಳ ಕಡಿಮಿ."

"ಹಂಗಾರ ಕೆಲಸ ಕೊಡಬೇಕಲ್ಲಪ್ಪ?"

"ಯಾಕ ಕೊಡಬೇಕು?"

ನಾನು ರಸ್ತೆ ಬಿಟ್ಟು ಅವರ ಮುಖ ನೋಡಿದೆ.

"ನನಗ ಕೊಟ್ರೇನು?" ಅಂದರು. "ಮೂವತ್ತೊಂದು ವರ್ಷ. ನನಗೇನ್ ಕೆಲಸ ಬರ್ತಿದ್ದಿಲ್ಲೇನು? ನಾ ಸುಮ್ನಿದ್ದೆ. ಅಂವನೂ ಸುಮ್ನಿರ್ಲಿ. ಕಾಗದ ಇಲ್ಲದವ ಅನುಭವಿಸಬೇಕು, ಅದು ಎಲ್ಲಾ ಕಡೆ ಐತಿ. ನಿನ್ನ ಎಕ್ಸಿಟ್ ಹೋತು ನೋಡು."

ನಿಜ. ಎಕ್ಸಿಟ್ ಹೋಗಿತ್ತು. ನಾಲ್ಕು ಮೈಲಿ ಮುಂದೆ ಹೋಗಿ ತಿರುಗಿಸಿಕೊಂಡು ಬಂದೆ. ಇಷ್ಟು ವರ್ಷ ಅಪ್ಪನನ್ನು ಸಮಾಧಾನದ ಮನುಷ್ಯ ಅಂದುಕೊಂಡಿದ್ದೆ. ಆ ನಾಲ್ಕು ಮೈಲಿಯಲ್ಲಿ ತಿಳಿಯಿತು, ಅವರು ಯಾರನ್ನೂ ಕ್ಷಮಿಸಿಲ್ಲ. ನನಗೆ ಭಯವಾದದ್ದು ಬೇರೆಯದಕ್ಕೆ. ಅಪ್ಪನಿಗೆ ಸೂಪರ್‌ವೈಸರ್ ಕೆಲಸ ಕೊಡದ ಆ ವರ್ಕ್‌ಶಾಪಿನ ಮಾಲೀಕರ ಕುರ್ಚಿಯಲ್ಲಿ ಈಗ ಕೂತಿರುವವಳು ನಾನು. ಅದೂ ಅಪ್ಪನ ಒಪ್ಪಿಗೆಯ ಸಮೇತ.

ಪಂದ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿರಿ ಬೆಂಚಿನ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಮೊದಲರ್ಧದಲ್ಲಿ ಎದುರು ತಂಡದ ಒಂದು ಗೋಲು. ಆಮೇಲೆ ನಮ್ಮದೊಂದು. ಮತ್ತೆ ಅವರದೊಂದು. ಪ್ರತಿ ನಿಮಿಷಕ್ಕೂ ನನ್ನ ಕಣ್ಣು ಎತಿಯೆನ್ ಕಡೆ. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ. ಕೂಗಾಡುವ ಕೋಚ್ ಅಲ್ಲ ಅವರು. ಕೈ ಜೇಬಿನಲ್ಲಿ, ಬಲಗಾಲು ಮಾತ್ರ ಹುಲ್ಲು ಕೆದರುತ್ತಿತ್ತು, ಬಾಲು ತನ್ನ ಕಾಲಿಗೇ ಬಂದ ಹಾಗೆ.

ಹನ್ನೆರಡು ನಿಮಿಷ ಇರುವಾಗ ಸಿರಿಯನ್ನು ಕರೆದರು. ಅವಳು ಓಡಿದಳು. ಗೋಲು ಹೊಡೆಯಲಿಲ್ಲ. ಒಂದು ಸಲ ಮಾತ್ರ, ಎದುರು ತಂಡದವಳು ಬಾಲು ಕಿತ್ತುಕೊಂಡಾಗ, ಅರ್ಧ ಮೈದಾನ ಹಿಂದಕ್ಕೆ ಓಡಿ ಅದನ್ನು ವಾಪಸ್ ತಂದಳು. ಅಂಥ ಕೆಲಸ ಅವಳು ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎರಡು ಒಂದಕ್ಕೆ ಸೋತೆವು.

ಮಿಶಿಗನ್ನಿಗೆ ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ. ಕೇಳಬೇಕಾದ ಪ್ರಶ್ನೆಯನ್ನು ಬೆಳಗ್ಗೆಯೇ ಕೇಳಬೇಕಿತ್ತು.

"ಕಾರಣ ಏನು ಹೇಳಿದ್ರು ಕೋಚು?"

"ದಟ್ ಐ ಓನ್ಲಿ ರನ್ ಫಾರ್ವರ್ಡ್," ಅಂದಳು ಸಿರಿ, ಕಿಟಕಿಯ ಹೊರಗೆ ನೋಡುತ್ತಾ. "ಬಾಲ್ ಹೋದ ಮೇಲೆ ನಿಂತ್ಬಿಡ್ತೀನಂತೆ. ಹಿ ಸೆಡ್ ಹಿ ವಾಸ್ ದಿ ಸೇಮ್. ಅದಕ್ಕೇ ದೊಡ್ಡ ಲೀಗಲ್ಲಿ ಒಂದೇ ಮ್ಯಾಚ್ ಆಡಿದ್ದು ಅಂತ."

"ನಿಂಗೆ ಕೋಪ ಬರ್ಲಿಲ್ವಾ?"

"ಐ ವಾಸ್ ಸೋ ಮ್ಯಾಡ್." ಕಿಟಕಿ ಬಿಟ್ಟು ನನ್ನ ಕಡೆ ತಿರುಗಿ, "ಬಟ್ ಹಿ ಕೇಮ್ ಅಂಡ್ ಟೋಲ್ಡ್ ಮಿ, ಅಮ್ಮ. ಫೋರ್ತ್ ಗ್ರೇಡ್ ಸ್ಪೆಲಿಂಗ್ ಟೀಮಲ್ಲಿ ಲಿಸ್ಟ್ ಹಾಕಿದ್ರಲ್ಲ, ನೆನಪಿದ್ಯಾ? ನಾನು ಎಲ್ಲರ ಮುಂದೆ ಇಲ್ಲದ ನನ್ನ ಹೆಸರು ಹುಡುಕ್ತಾ ನಿಂತಿದ್ದೆ."

ಕಲಮಝೂ ದಾಟುವಾಗ ಗುರುಪ್ರಸಾದ್ ಫೋನ್. ಗಾಡಿ ಪಕ್ಕಕ್ಕೆ ಹಾಕಿ, ಇಳಿದು ಮಾತಾಡಿದೆ.

"ಶೀಟಲ್ಲಿ ಇನ್ನೂ ಹದಿನೈದೇ ಇದೆ," ಅಂದರು. "ಲಾಕ್ ಮಾಡ್ಲಾ?"

"ಮಾಡಿ. ಆದ್ರೆ ಮೇಲ್ ಕಳಿಸ್ಬೇಡಿ. ನಾಳೆ ಮೀಟಿಂಗ್ ಕರೀರಿ. ಕೊಡೋದಾದ್ರೆ ಎಲ್ಲರ ಮುಂದೆ ಕೇಳಿ ಕೊಡೋಣ."

"ಅಯ್ಯೋ ಮಾರಾಯ್ತಿ," ಅಂದರು ಅವರು. "ಐದು ಮಾರ್ಕ್ಸಲ್ಲಿ ಮುಗಿಯೋದನ್ನ ಮೀಟಿಂಗ್ ಮಾಡ್ತೀರಾ?"

ಸೋಮವಾರ ಸಂಜೆ, ಗುರುಪ್ರಸಾದ್ ಮನೆಯ ಬೇಸ್‌ಮೆಂಟು. ಏಳು ಜನ. ಚಕ್ಕುಲಿ, ಚಹಾ. ನಾನು ಎದ್ದು ನಿಂತು ಹೇಳಿದೆ. ಡಿಗ್ರಿಯ ನಲವತ್ತನ್ನು ಬೇರೆ ರೀತಿ ಲೆಕ್ಕ ಮಾಡೋಣ. ಮೂರು ವರ್ಷದ ಕೆಲಸಕ್ಕೆ ಒಂದು ವರ್ಷದ ಓದು. ಏಳನೇ ನಂಬರಿನ ಎತಿಯೆನ್ ಹನ್ನೆರಡು ವರ್ಷ ವೃತ್ತಿಪರವಾಗಿ ಆಡಿದ್ದಾರೆ. ನಾಲ್ಕು ವರ್ಷದ ಡಿಗ್ರಿ ಆಯಿತಲ್ಲ?

ಈ ಸೂತ್ರ ನನ್ನ ತಲೆಯಿಂದ ಉದುರಿದ್ದಲ್ಲ. ಊರಿನಲ್ಲಿ ಮೂರು ವರ್ಷದ ಬಿ.ಎಸ್ಸಿ. ಮಾಡಿ ಬಂದವರಿಗೆ ಗೊತ್ತು. ಇಲ್ಲಿನ ವೀಸಾಕ್ಕೆ ನಾಲ್ಕು ವರ್ಷದ ಡಿಗ್ರಿ ಕೇಳಿದಾಗ, ಕಮ್ಮಿ ಬಿದ್ದ ಒಂದು ವರ್ಷವನ್ನು ಕೆಲಸದ ಅನುಭವದಲ್ಲಿ ತುಂಬಿಸಿಕೊಡುವ ಲೆಕ್ಕ ಇದು. ಆ ಬೇಸ್‌ಮೆಂಟಿನಲ್ಲಿ ಕೂತಿದ್ದವರಲ್ಲಿ ಕನಿಷ್ಠ ಮೂವರು ಇದೇ ಲೆಕ್ಕದ ಮೇಲೆ ಈ ದೇಶಕ್ಕೆ ಕಾಲಿಟ್ಟವರು. ಯಾರು ಅಂತ ನಾನು ಹೇಳುವುದಿಲ್ಲ. ಅವರಿಗೆ ಗೊತ್ತು. (ನಾಲ್ಕು ವರ್ಷದ ಬಿ.ಇ. ಇರುವ ನಾನು ಒಂದು ಕಾಲದಲ್ಲಿ ಅಂಥ ಡಿಗ್ರಿಗಳ ಬಗ್ಗೆ ಮೂಗು ಮುರಿದಿದ್ದೂ ಅವರಿಗೆ ಗೊತ್ತು.)

ಮಾತು ಮುಗಿಸಿ ಒಬ್ಬೊಬ್ಬರ ಮುಖ ನೋಡಿದೆ. ಒಬ್ಬರು ಫೋನು ನೋಡಿದರು. ಇನ್ನೊಬ್ಬರು ಚಕ್ಕುಲಿ ಮುರಿದರು.

"ಹಂಗಾದ್ರೆ ನಾಲ್ಕನೇ ನಂಬರಿಗೂ ಮಾಡ್ಬೇಕು. ಅವರಿಗೂ ಡಿಗ್ರಿ ಇಲ್ಲ," ಅಂದರು ಒಬ್ಬರು.

"ಮಾಡೋಣ," ಅಂದೆ.

"ನೋಡಿ ಗಂಗಾ ಅವ್ರೇ. ಹೆಸರು ಗೊತ್ತಾದ ಮೇಲೆ ರೂಲ್ ಬದಲಾಯಿಸೋದಕ್ಕೆ ಊರಲ್ಲಿ ಏನಂತಾರೆ? ಇನ್‌ಫ್ಲುಯೆನ್ಸ್ ಅಂತಾರೆ. ಅದನ್ನ ತಪ್ಪಿಸೋಕೇ ನಂಬರ್ ಸಿಸ್ಟಮ್ ಅಂತ ನೀವೇ ಹೇಳಿದ್ದು. ಮಿನಿಟ್ಸಲ್ಲಿದೆ."

ಇತ್ತು. ಆ ಮಿನಿಟ್ಸ್ ಬರೆದವಳೂ ನಾನೇ.

"ಮತ್ತೆ ನಿಮ್ಮ ಮಗಳು ಅವರ ಟೀಮಲ್ಲೇ ಇದಾಳೆ," ಅಂದರು ಇನ್ನೊಬ್ಬರು, ಮೆಲ್ಲಗೆ. "ಜನ ಮಾತಾಡ್ತಾರೆ."

"ಭಾನುವಾರ ಅವಳನ್ನ ಬೆಂಚಲ್ಲಿ ಕೂರಿಸಿದ್ರು," ಅಂದೆ.

"ಅದಕ್ಕೂ ಮಾತಾಡ್ತಾರೆ."

ಕೈ ಎತ್ತಿಸಿದರು. ಪರ ಮೂರು, ವಿರೋಧ ನಾಲ್ಕು. ಗುರುಪ್ರಸಾದ್ ವಿರೋಧದ ಕಡೆ. ಗುಟ್ಟಾಗಿ ಐದು ಮಾರ್ಕ್ಸ್ ಹಾಕಿಸಲು ಒಪ್ಪಿದ್ದ ಮನುಷ್ಯ ಎಲ್ಲರ ಎದುರು ಕೈ ಎತ್ತಲು ಒಪ್ಪಲಿಲ್ಲ. ಅವರನ್ನು ಬೈದು ಏನು ಪ್ರಯೋಜನ? ಗುಟ್ಟಾಗಿ ಕೊಡಬೇಕಿದ್ದಾಗ ನಾನು ಕೊಡಲಿಲ್ಲ. ಯಾಕೆ ಕೊಡಲಿಲ್ಲ ಅನ್ನುವುದು ನನಗೇ ಖಾತ್ರಿಯಿಲ್ಲ.

"ಹಾಗಾದ್ರೆ ಮೇಲ್ ಕಳಿಸ್ಬಿಡ್ತೀನಿ," ಅಂತ ಅವರು ಲ್ಯಾಪ್‌ಟಾಪ್ ಎಳೆದುಕೊಂಡರು. "ನೀವು ಡ್ರಾಫ್ಟ್ ಮಾಡಿದ್ದೇ ಇದೆಯಲ್ಲ. ಚೆನ್ನಾಗಿ ಬರ್ದಿದೀರ."

"ಬೇಡ. ಆ ಒಂದು ನಂಬರಿಗೆ ಕಳಿಸ್ಬೇಡಿ. ನಾನು ಹೋಗಿ ಹೇಳ್ತೀನಿ."

"ಏನ್ ಹೇಳ್ತೀರ?"

"ಏನಾಯ್ತೋ ಅದನ್ನ."

ಮಂಗಳವಾರ ಆಫೀಸಿನಿಂದ ಒಂದು ಗಂಟೆ ಮೊದಲೇ ಹೊರಟೆ. ಕ್ಯಾಂಟನ್ನಿನ ಮೈದಾನದಲ್ಲಿ ಹುಡುಗಿಯರು ಇನ್ನೂ ಬಂದಿರಲಿಲ್ಲ. ಎತಿಯೆನ್ ಒಬ್ಬರೇ ಕಿತ್ತಳೆ ಬಣ್ಣದ ಕೋನ್‌ಗಳನ್ನು ಹೆಜ್ಜೆ ಎಣಿಸಿ ಇಡುತ್ತಿದ್ದರು. ಗೇಟಿನಿಂದ ಅವರವರೆಗೆ ನೂರು ಹೆಜ್ಜೆ ಇರಬಹುದು.

ಸುತ್ತಿ ಬಳಸಿ ಹೇಳಬಾರದು ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದೆ.

"ಮ್ಯಾನೇಜರ್ ಕೆಲಸ ನಿಮಗೆ ಸಿಕ್ಕಿಲ್ಲ," ಅಂದೆ. "ಡಿಗ್ರಿ ಇಲ್ಲ ಅನ್ನೋದೇ ಕಾರಣ. ಆ ರೂಲ್ ಬರೆದಿದ್ದು ನಾನು. ನಿಮ್ಮ ಬರವಣಿಗೆಗೆ ಐದು ಮಾರ್ಕ್ಸ್ ಕಟ್ ಮಾಡಿದ್ದೂ ನಾನೇ. ಅದು ಇದ್ದಿದ್ರೆ ಇಂಟರ್‌ವ್ಯೂಗೆ ಬರ್ತಿದ್ರಿ. ನಿನ್ನೆ ಬದಲಾಯಿಸೋಕೆ ನೋಡಿದೆ. ಆಗಲಿಲ್ಲ."

ಕೈಯಲ್ಲಿದ್ದ ಕೋನನ್ನು ಅವರು ಕೆಳಗಿಟ್ಟರು. ಅದು ಓರೆಯಾಗಿತ್ತು. ಬಗ್ಗಿ ಸರಿ ಮಾಡಿದರು.

"ನಿಮ್ಮ ವೀಸಾ..." ಅಂದೆ.

"ಅದು ನನ್ನ ತಲೆನೋವು," ಅಂದರು ಅವರು, ತಮ್ಮ ಫ್ರೆಂಚ್ ದನಿಯ ಇಂಗ್ಲಿಷಿನಲ್ಲಿ. "ಬಂದು ಹೇಳಿದ್ದಕ್ಕೆ ಥ್ಯಾಂಕ್ಸ್. ಜೂನ್ ಕೊನೆವರೆಗೂ ನಾನು ಇವರ ಕೋಚ್. ಯಾರಿಗೂ ಈಗ ಹೇಳಬೇಡಿ. ನಾನೇ ಹೇಳ್ತೀನಿ."

ತಿರುಗಿ ಹೊರಟೆ. ಹಿಂದಿನಿಂದ ಕರೆದರು.

"ಒಂದು ಪ್ರಶ್ನೆ. ಕಮಿಟಿಯವರು ಯಾರಾದರೂ ನನ್ನ ಪ್ರಾಕ್ಟೀಸ್ ನೋಡೋಕೆ ಬಂದಿದ್ರಾ?"

"ನಾನಿದ್ದೆನಲ್ಲ," ಅಂದೆ. "ನಾಲ್ಕು ವರ್ಷ, ವಾರಕ್ಕೆ ಎರಡು ದಿನ."

ಅವರು ಮೈದಾನದ ಸುತ್ತ ಒಮ್ಮೆ ಕಣ್ಣು ಹಾಯಿಸಿದರು. ಅಣಕವಲ್ಲ. ನಿಜವಾಗಿಯೂ ಹುಡುಕುತ್ತಿದ್ದರು.

"ಎಲ್ಲಿ?" ಅಂದರು.

ಕಾರಿನೊಳಗೆ ಎಸಿ ಹಾಕಿಕೊಂಡು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಆಫೀಸಿನ ಕಾಲ್‌ಗಳನ್ನು ಮುಗಿಸುತ್ತಾ ನಾಲ್ಕು ವರ್ಷ ಕಳೆದವಳು ನಾನು. ಪಾರ್ಕಿಂಗ್ ಲಾಟಿನ ಕಡೆ ಕೈ ತೋರಿಸದೆ ಇನ್ನೇನು ಮಾಡಲಿ, ನೀವೇ ಹೇಳಿ?